ಕೈಂಚಿಯ ಒಳಗೊಂದು ಖೋಲಿ

ಕೋವಾಡದಲ್ಲಿ ಮಳೆ ಜೋರು ಹಿಡಿದರೆ ಜನ ಮೊದಲು ತಾಮ್ರಪರ್ಣಿಯ ಕಡೆ ನೋಡುತ್ತಾರೆ, ಆಮೇಲೆ ಅಟ್ಟದ ಕಡೆ. ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲೂಕಿನ ಈ ಊರು ನದಿಯ ದಂಡೆಗೇ ಹಬ್ಬಿಕೊಂಡಿದೆ. ಮರಾಠಿ ಓದುಗರಿಗೆ ಇದು ‘ಸ್ವಾಮಿ’, ‘ಶ್ರೀಮಾನ್ ಯೋಗಿ’ ಕಾದಂಬರಿಗಳ ರಣಜಿತ ದೇಸಾಯಿ ಅವರ ಊರು. ಸುತ್ತಲಿನ ಹಳ್ಳಿಗಳವರಿಗೆ ಸಂತೆಯ ಊರು. 2019ರ ಆಗಸ್ಟ್‌ನಲ್ಲಿ ಒಮ್ಮೆ, 2021ರ ಜುಲೈನಲ್ಲಿ ಮತ್ತೊಮ್ಮೆ ನದಿ ಪೇಟೆಯೊಳಗೆ ಬಂತು. ನೀರು ಹೊಸ್ತಿಲು ಮುಟ್ಟುವ ಮೊದಲು ಮನೆಮಂದಿಗೆ ಉಳಿಯುವ ಕೆಲಸ ಒಂದೇ: ಅಕ್ಕಿ ಚೀಲ, ಹಾಸಿಗೆ, ಹೊಲದ ಸಾತಬಾರಾ ಉತಾರೆಯ ಕಾಗದ, ಮಕ್ಕಳ ಪುಸ್ತಕ, ಏನು ಸಿಕ್ಕರೆ ಅದನ್ನು ಮೇಲಕ್ಕೇರಿಸುವುದು.

ಮೇಲಕ್ಕೆ ಅಂದರೆ ಎಲ್ಲಿಗೆ? ಈ ಸೀಮೆಯ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಂಬಿಟ್ಟಿಗೆಯ ದಪ್ಪ ಗೋಡೆ, ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ಅದೇ ಅಟ್ಟ. ಬೀಜದ ಬಟಾಟೆ, ಗೆಣಸು, ಉಳ್ಳಾಗಡ್ಡಿ, ಭತ್ತದ ಬೀಜ, ಕುಂಟೆ ಕೂರಿಗೆ ಎಲ್ಲವೂ ಅಲ್ಲಿ. ಅದರ ಮೇಲೆ ಬೇರೆಯದೇ ಮರದ ಕಟ್ಟಿನಲ್ಲಿ ಹಂಚಿನ ಸೂರು. ಅಟ್ಟ ಹೊರುವ ಮರ ಬೇರೆ, ಹಂಚು ಹೊರುವ ಮರ ಬೇರೆ. ಬಡಿಗರು ಇದನ್ನು ಲೆಕ್ಕ ಬರೆದು ಮಾಡಿದ್ದಲ್ಲ. ತಲೆಮಾರುಗಳ ಕೈಗೆ ಗೊತ್ತಿದ್ದ ಕ್ರಮ ಅದು.

ಈಗ ಕಟ್ಟುವ ಮನೆಗಳ ಸೂರಿಗೆ ಮರ ಹಾಕುವವರು ಕಡಿಮೆ. ಸಾಗವಾನಿಯ ತೊಲೆ ಕೈಗೆಟುಕುವುದಿಲ್ಲ, ಹಲಸು ಮತ್ತಿ ಸಿಗುವುದಿಲ್ಲ, ಗೆದ್ದಲಿನ ಕಾಟ ಬೇರೆ. ಗಡಹಿಂಗ್ಲಜ, ನೇಸರಿ, ಕೋವಾಡದಂಥ ಸಂತೆಯ ಊರುಗಳಲ್ಲೆಲ್ಲ ವೆಲ್ಡಿಂಗ್ ಅಂಗಡಿಗಳಿವೆ. ಕಬ್ಬಿಣದ ಆಂಗಲ್ಲನ್ನೋ ಚೌಕದ ಪೈಪನ್ನೋ ಅಳತೆಗೆ ಕತ್ತರಿಸಿ ತ್ರಿಕೋನ ಕಟ್ಟಿ ತಂದು ಗೋಡೆಯ ಮೇಲೆ ನಿಲ್ಲಿಸಿದರೆ ಸೂರಿನ ಅರ್ಧ ಕೆಲಸ ಮುಗಿಯಿತು. ಇಂಜಿನಿಯರರು ಟ್ರಸ್ ಎನ್ನುವ ಇದಕ್ಕೆ ಊರಿನವರ ಬಾಯಲ್ಲಿ ಕೈಂಚಿ ಎಂದು ಹೆಸರು. ಮೇಲೆ ಮಂಗಳೂರು ಹಂಚೋ ತಗಡಿನ ಪತ್ರಾಸೋ ಬರುತ್ತದೆ.

ಆ ಕೈಂಚಿಯ ಕೆಳಗೆ ನಿಂತು ತಲೆ ಎತ್ತಿದ ಯಾರಿಗಾದರೂ ಒಂದು ಆಸೆ ಹುಟ್ಟುತ್ತದೆ. ತಳದ ಪಟ್ಟಿಯಿಂದ ಮೇಲಿನ ಕೂಡುವ ತುದಿಯವರೆಗೆ ಅಷ್ಟೊಂದು ಜಾಗ ಖಾಲಿ. ಅಡ್ಡ ಹಲಗೆ ಹಾಸಿದರೆ ಒಂದು ಅಟ್ಟ, ಒಂದೆರಡು ಓರೆಪಟ್ಟಿ ತೆಗೆದರೆ ಒಂದು ಖೋಲಿ. ಮಗನ ಮದುವೆ ಹತ್ತಿರ ಬಂದಿರುತ್ತದೆ, ಮಗಳಿಗೆ ಓದಲು ಜಾಗ ಬೇಕಿರುತ್ತದೆ. ಮನೆಯ ಯಜಮಾನರು ವೆಲ್ಡಿಂಗಿನವನನ್ನು ಕರೆಸಿ, “ತಮ್ಮಾ, ಇದರಾಗ ಒಂದ ಖೋಲಿ ಆಗತೈತೇನ ನೋಡು” ಅನ್ನುತ್ತಾರೆ. “ಆಗತೈತ್ರಿ ಮಾಮಾ, ಎರಡ ದಿನದ ಕೆಲಸ” ಎಂಬ ಉತ್ತರ ಬಂದರೆ ಅಲ್ಲಿಂದ ಅಪಾಯ ಶುರು.

ಏಕೆಂದರೆ ಕೈಂಚಿಯ ಹೊಟ್ಟೆ ಖಾಲಿ ಇರುವುದಿಲ್ಲ. ಅಲ್ಲಿ ಕಾಣುವ ಪ್ರತಿಯೊಂದು ಪಟ್ಟಿಯೂ ಹಗಲೂ ರಾತ್ರಿ ಕೆಲಸದಲ್ಲಿರುತ್ತದೆ.

ಅದನ್ನು ನಂಬಲು ಮೂರು ಬಿದಿರ ಸೀಳು ಸಾಕು. ತುದಿಗಳಲ್ಲಿ ಒಂದೊಂದೇ ಮೊಳೆ ಹೊಡೆದು ತ್ರಿಕೋನ ಮಾಡಿ ಒತ್ತಿ ನೋಡಿದರೆ ಆಕಾರ ಬದಲಾಗುವುದಿಲ್ಲ. ನಾಲ್ಕು ಸೀಳಿನ ಚೌಕ ಮಾಡಿ ಒತ್ತಿದರೆ ಪಕ್ಕಕ್ಕೆ ವಾಲಿ ಮಲಗುತ್ತದೆ. ಉದ್ದನೆಯ ಅಂತರವನ್ನು ಸಣ್ಣ ಸಣ್ಣ ತ್ರಿಕೋನಗಳಿಂದ ದಾಟಿಸುವ ಈ ಉಪಾಯವನ್ನು ಕಬ್ಬಿಣಕ್ಕೆ ಒಗ್ಗಿಸಿದ್ದು ಹತ್ತೊಂಬತ್ತನೆಯ ಶತಮಾನದ ರೈಲ್ವೆಯ ಇಂಜಿನಿಯರರು. ಫ್ರಾನ್ಸಿನ ಕಾಮಿಲ್ ಪೊಲೊನ್ಸೊ 1837ರಲ್ಲಿ ರೂಪಿಸಿದ ಟ್ರಸ್ ಯುರೋಪಿನ ರೈಲು ನಿಲ್ದಾಣಗಳ ಮಾಡಿಗೆ ಹರಡಿತು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆಲ್ಬರ್ಟ್ ಫಿಂಕ್ ಅವರ ಹೆಸರಿನ ಟ್ರಸ್, ಒಳಗೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತೆ ಓರೆಪಟ್ಟಿ ಇರುವುದು, ಇವತ್ತಿಗೂ ಸಣ್ಣ ಮನೆಗಳಲ್ಲಿ ಹೆಚ್ಚು ಕಾಣುತ್ತದೆ. ಕೋವಾಡದ ವೆಲ್ಡಿಂಗಿನವನಿಗೆ ಫಿಂಕ್ ಯಾರೆಂದು ಗೊತ್ತಿರಬೇಕಿಲ್ಲ. ಅವನ ಕೈ ಕಟ್ಟುವುದು ಬಹುಮಟ್ಟಿಗೆ ಅದನ್ನೇ.

ಈ ಸೀಮೆಗೆ ಉಕ್ಕಿನ ಸೂರಿನ ಪರಿಚಯ ಹೊಸದಲ್ಲ. ಮೀರಜದಿಂದ ಕೊಲ್ಹಾಪುರಕ್ಕೆ ರೈಲು ಬಂದದ್ದು 1891ರಲ್ಲಿ. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ವಿದ್ಯುತ್ ಮಗ್ಗ ಹೂಡಿದ್ದು 1904ರಲ್ಲಿ. ಅಲ್ಲಿಂದ ಆ ಊರು ಮಗ್ಗದ ಊರಾಗಿ ಬೆಳೆಯಿತು. ಮಗ್ಗಕ್ಕೆ ನಡುವೆ ಕಂಬವಿಲ್ಲದ ಅಗಲವಾದ ಜಾಗ ಬೇಕು, ಮೇಲಿನಿಂದ ಬೆಳಕು ಬೇಕು. ಎರಡನ್ನೂ ಕೊಟ್ಟದ್ದು ಕೈಂಚಿಯ ಶೆಡ್ಡು. ಹಂಚಿನ ಕತೆ ಇದಕ್ಕಿಂತ ಹಿಂದಿನದು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚು ಕರಾವಳಿ ಬಿಟ್ಟು ಘಟ್ಟ ಹತ್ತಿ ಇತ್ತಲೂ ಬಂತು. ಒಂದು ಹಂಚಿನ ತೂಕ ಎರಡೂವರೆ ಕೆಜಿಯ ಆಚೀಚೆ, ಒಂದು ಚದರ ಮೀಟರಿಗೆ ಸುಮಾರು 15 ಹಂಚು. ಕೆಳಗಿನ ರೀಪು, ಕೈಂಚಿಯಿಂದ ಕೈಂಚಿಗೆ ಹಾಯ್ದು ರೀಪನ್ನು ಹೊರುವ ಪರ್ಲಿನ್ನುಗಳನ್ನು ಸೇರಿಸಿದರೆ ಚದರ ಮೀಟರಿಗೆ 55ರಿಂದ 60 ಕೆಜಿ. ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಆರು ಮೀಟರ್, ಅಂದರೆ ಇಪ್ಪತ್ತಡಿ ಅಗಲದ ಒಂದು ಮನೆ ಎಂದುಕೊಳ್ಳೋಣ. ಮೂರು ಮೀಟರಿಗೊಂದು ಕೈಂಚಿ. ತಳದ ಪಟ್ಟಿ 50 ಮಿಲಿಮೀಟರಿನ, 6 ಮಿಲಿಮೀಟರ್ ದಪ್ಪದ ಆಂಗಲ್. ಇದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಮಾಲು, ಮೀಟರಿಗೆ ನಾಲ್ಕೂವರೆ ಕೆಜಿ ತೂಗುತ್ತದೆ. ಹಂಚಿನ ಭಾರಕ್ಕೆ ಇಳಿಜಾರಿನ ಎರಡು ತೋಳುಗಳು ಕೆಳಗೆ ಕೂತು, ಗೋಡೆಗಳನ್ನು ಆಚೆ ಈಚೆ ತಳ್ಳಲು ನೋಡುತ್ತವೆ. ತಳದ ಪಟ್ಟಿ ಅವೆರಡರ ಕಾಲನ್ನೂ ಹಿಡಿದು ಎಳೆದು ನಿಲ್ಲಿಸುತ್ತದೆ. ಅದರ ಕೆಲಸ ಎಳೆತ ತಡೆಯುವುದು. ಉದ್ದಕ್ಕೆ ಎಳೆದರೆ ಉಕ್ಕು ಮಹಾ ಗಟ್ಟಿ. ಆ ಸಣ್ಣ ಆಂಗಲ್ ಟನ್ನುಗಟ್ಟಲೆ ಎಳೆತವನ್ನು ತಾಳಿಕೊಳ್ಳುತ್ತದೆ.

ಅದೇ ಪಟ್ಟಿಯ ಮೇಲೆ ಹಲಗೆ ಹಾಸಿದರೆ ಏನಾಗುತ್ತದೆ? ಎಳೆತ ತಡೆಯಬೇಕಾದದ್ದು ಈಗ ಬಾಗುವಿಕೆಯನ್ನೂ ತಡೆಯಬೇಕು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಜನ ವಾಸಿಸುವ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ ತಯಾರಿರಬೇಕು. ಜನ ಓಡಾಡದ ಇಳಿಜಾರು ಸೂರಿಗೆ ಅದೇ ಮಾನಕ ಹೇಳುವುದು ಹೆಚ್ಚೆಂದರೆ 75 ಕೆಜಿ. ಇಳಿಜಾರು ಕಡಿದಾದಷ್ಟೂ ಆ ಅಂಕಿ 40ರವರೆಗೆ ಇಳಿಯುತ್ತದೆ. ಅಂದರೆ ಸೂರು ಕಟ್ಟಿದವನು ಎಣಿಸಿದ್ದೇ ಒಂದು, ಈಗ ಹೊರಿಸುವುದೇ ಇನ್ನೊಂದು. ನಮ್ಮ ಉದಾಹರಣೆಯಲ್ಲಿ ತಳದ ಪಟ್ಟಿಯ ಎರಡು ಮೀಟರ್ ತುಂಡು ಆರು ಚದರ ಮೀಟರ್ ನೆಲವನ್ನು ಹೊರಬೇಕಾಗುತ್ತದೆ. ಲೆಕ್ಕ ಹಾಕಿದರೆ 1,200 ಕೆಜಿ. 50ರ ಒಂಟಿ ಆಂಗಲ್ ಬಾಗದೆ ತಾಳಿಕೊಳ್ಳಬಲ್ಲ ಭಾರಕ್ಕಿಂತ ಇದು ಎರಡು ಮೂರು ಪಟ್ಟು ಹೆಚ್ಚು. ಒಬ್ಬ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ ಏನೂ ಆಗದು. ಅದನ್ನೇ ನೋಡಿ ಮನೆಯವರಿಗೆ ಧೈರ್ಯ ಬಂದುಬಿಡುತ್ತದೆ. ಒಬ್ಬ ನಿಂತದ್ದು ಪರೀಕ್ಷೆಯೇ ಅಲ್ಲ ಎಂಬುದನ್ನು ಯಾರಾದರೂ ಅಲ್ಲೇ ಹೇಳಬೇಕು.

ಪಟ್ಟಿಯನ್ನೇ ಕತ್ತರಿಸುವ ಕತೆ ಇನ್ನೂ ಕೆಟ್ಟದ್ದು. ಅದು ನಡೆಯಲು ಕಾರಣ ಎತ್ತರ. ಮಂಗಳೂರು ಹಂಚಿಗೆ 30 ಡಿಗ್ರಿ ಇಳಿಜಾರು ಕೊಟ್ಟರೂ ಆರು ಮೀಟರ್ ಅಗಲದ ಮನೆಯ ಕೈಂಚಿ ನಡುವೆ ಏರುವುದು 1.73 ಮೀಟರ್. ಐದೂವರೆ ಅಡಿಯ ಮನುಷ್ಯ ನಟ್ಟನಡುವೆ, ಒಂದೇ ಗೆರೆಯಲ್ಲಿ ನೆಟ್ಟಗೆ ನಡೆಯಬಹುದು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ತಲೆ ತಗಲುತ್ತದೆ. ಪತ್ರಾಸಿನ ಸೂರಿನ ಇಳಿಜಾರು ಸಾಮಾನ್ಯವಾಗಿ ಇನ್ನೂ ಕಡಿಮೆ. 15 ಡಿಗ್ರಿ ಇದ್ದರೆ ನಡುವಿನ ಎತ್ತರ 80 ಸೆಂಟಿಮೀಟರ್, ಬೆಕ್ಕು ಓಡಾಡುವಷ್ಟು. ಹಾಗಾಗಿ ಖೋಲಿ ಬೇಕೆನ್ನುವವರು ನೆಲವನ್ನು ಕೆಳಗೆ ಇಳಿಸಲು ನೋಡುತ್ತಾರೆ. ಗೋಡೆ ಹನ್ನೆರಡು ಅಡಿ ಇದ್ದರೆ ಎಂಟು ಅಡಿಗೆ ಹೊಸ ನೆಲ ಹಾಕಬಹುದು. ಆಗ ಕೈಂಚಿಯ ತಳಪಟ್ಟಿ ಆ ನೆಲದಿಂದ ನಾಲ್ಕಡಿ ಮೇಲೆ, ಸರಿಯಾಗಿ ಎದೆಗೆ ಅಡ್ಡ ಬರುತ್ತದೆ. ಬಗ್ಗಿ ದಾಟಿ ದಾಟಿ ಬೇಸತ್ತು ಒಂದು ದಿನ ಗ್ಯಾಸ್ ಕಟರ್ ತರಿಸುತ್ತಾರೆ.

ಆ ಪಟ್ಟಿ ತುಂಡಾದ ಗಳಿಗೆಯಲ್ಲಿ ತ್ರಿಕೋನ ತ್ರಿಕೋನವಾಗಿ ಉಳಿಯುವುದಿಲ್ಲ. ಹಂಚಿನ ಮನೆಯ ಒಂದು ಕೈಂಚಿಯ ಪಾಲಿಗೆ ಬರುವ ಸೂರಿನ ಭಾರ ಸುಮಾರು 1,200 ಕೆಜಿ. ಎಳೆದು ಹಿಡಿಯುವ ಪಟ್ಟಿ ಇಲ್ಲವಾದರೆ ಅದು ಗೋಡೆಯ ತಲೆಯನ್ನು ಸುಮಾರು ಅರ್ಧ ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಮೂರು ಮೀಟರಿಗೊಂದು ಅರ್ಧ ಟನ್. ಮಣ್ಣಿನ ಗಾರೆಯ ಜಂಬಿಟ್ಟಿಗೆ ಗೋಡೆಗೆ ಮೇಲಿನಿಂದ ಬರುವ ಭಾರ ಹೊತ್ತು ಗೊತ್ತು, ಪಕ್ಕದ ನೂಕು ತಾಳಿ ಗೊತ್ತಿಲ್ಲ. ಬಿರುಕು ಕೂಡಲೇ ಕಾಣದೆ ಇರಬಹುದು. ಮಳೆ ನೆನೆದು ಗಾರೆ ಮೆತ್ತಗಾದಾಗ ಕಂಡೀತು. ಅಷ್ಟರಲ್ಲಿ ಆ ಖೋಲಿಯಲ್ಲಿ ಯಾರೋ ಮಲಗುತ್ತಿರುತ್ತಾರೆ.

ಹಾಗಾದರೆ ಕೈಂಚಿಯ ಮನೆಯಲ್ಲಿ ಅಟ್ಟವೇ ಬೇಡವೇ? ಖಂಡಿತ ಬೇಕು. ಅದನ್ನು ಮಾಡುವ ದಾರಿಯೂ ಇದೆ, ಮತ್ತು ಅದು ಈ ಸೀಮೆಯ ಹಳೆಯ ಬಡಿಗರು ನಡೆದ ದಾರಿಯೇ: ಸೂರು ಹೊರುವುದು ಬೇರೆ, ನೆಲ ಹೊರುವುದು ಬೇರೆ. ಹೊಸ ನೆಲವನ್ನು ಕೈಂಚಿಗೆ ತೂಗುಹಾಕಬಾರದು, ಅದರ ಮೇಲೆ ಕೂರಿಸಲೂ ಬಾರದು. ಅದಕ್ಕೆ ಅದರದೇ ಬೀಮುಗಳು ಬೇಕು. ಗೋಡೆಯಿಂದ ಗೋಡೆಗೆ 200 ಮಿಲಿಮೀಟರ್ ಎತ್ತರದ ಐ-ಬೀಮುಗಳನ್ನು ಎರಡು ಮೀಟರಿಗೊಂದರಂತೆ ಕೂರಿಸಿದರೆ ಆರು ಮೀಟರ್ ಅಗಲದ ಮನೆಯಲ್ಲಿ ವಾಸದ ಖೋಲಿಯ ನೆಲಕ್ಕೆ ಹತ್ತಿರ ಹತ್ತಿರ ಸಾಕಾಗುತ್ತದೆ. ಇದು ಅಂದಾಜಿನ ಮಾತು. ಕೊನೆಯ ಲೆಕ್ಕವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಮನೆ ನೋಡಿಯೇ ಹಾಕಬೇಕು. ಅಂಥ ಬೀಮು ಮೀಟರಿಗೆ ಸುಮಾರು 25 ಕೆಜಿ ತೂಗುತ್ತದೆ, ಒಂದೊಂದು 150 ಕೆಜಿ. ಬಾಗಿಲಿನಿಂದ ಒಳಗೆ ತಂದು ತಿರುಗಿಸಿ ಮೇಲೆತ್ತುವುದೇ ಅರ್ಧ ಕೆಲಸ. ಆದ್ದರಿಂದ ಕೆಲವೆಡೆ ಎರಡು ತುಂಡಾಗಿ ತಂದು ನಡುವೆ ಪ್ಲೇಟು ಹಾಕಿ ಬೋಲ್ಟ್ ಬಿಗಿಯುತ್ತಾರೆ. ಆ ಜೋಡಣೆ ಬೀಮಿನ ನಟ್ಟನಡುವೆ ಬಂದರೆ ಅದರ ಮೇಲೆ ಬೀಳುವ ಬಲ ಅತಿ ಹೆಚ್ಚು. ಜೋಡಣೆ ಎಲ್ಲಿ, ಹೇಗೆ ಎಂಬುದರಲ್ಲಿ ಲೆಕ್ಕ ಬರೆದುಕೊಟ್ಟ ಇಂಜಿನಿಯರನ ಮಾತೇ ಕೊನೆ.

ಬೀಮಿನ ತುದಿ ಗೋಡೆಯಲ್ಲಿ ಕೂರುವ ಜಾಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ತಪ್ಪು ಹೆಚ್ಚಾಗಿ ಅಲ್ಲೇ ಆಗುತ್ತದೆ. ಗೋಡೆಯಲ್ಲಿ ತೂತು ಕೊರೆದು ಬೀಮಿನ ಮೂತಿ ಒಳಗೆ ತುರುಕಿ, ಸುತ್ತ ಸಿಮೆಂಟ್ ಮೆತ್ತಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಒಂದು ಟನ್ನಿಗೂ ಮೀರಿದ ಭಾರ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ. ಜಂಬಿಟ್ಟಿಗೆ ಒದ್ದೆಯಾದಾಗ ಮೆತ್ತಗಾಗುವ ಕಲ್ಲು. ಬೀಮಿನ ಕೆಳಗೆ ಒಂದೂವರೆ ಎರಡು ಅಡಿ ಉದ್ದದ ಕಾಂಕ್ರೀಟಿನ ದಿಂಬು, ಅದರ ಮೇಲೆ ದಪ್ಪ ಉಕ್ಕಿನ ಪ್ಲೇಟು, ಅದರ ಮೇಲೆ ಬೀಮು ಹೀಗೆ ಕೂರಿಸಿದರೆ ಭಾರ ಹರಡುತ್ತದೆ. ಗೋಡೆಯ ಮೇಲೆ ನಂಬಿಕೆಯೇ ಇಲ್ಲವೆಂದರೆ ಗೋಡೆಗೆ ಒತ್ತಿಕೊಂಡಂತೆ ಉಕ್ಕಿನ ಕಂಬ ನಿಲ್ಲಿಸಿ, ಅದಕ್ಕೆ ಕೆಳಗೆ ಅಡಿಪಾಯ ಹಾಕಬೇಕು. ಖರ್ಚು ಏರುತ್ತದೆ, ನಿಜ. ಆದರೆ ನೆರೆಯ ನೀರಿನಲ್ಲಿ ನೆನೆದ ಮಣ್ಣುಗಾರೆಯ ಗೋಡೆಯ ಮೇಲೆ ಹೊಸ ಭಾರ ಹೊರಿಸುವ ಊರಿನಲ್ಲಿ ಆ ಖರ್ಚು ದಂಡವಲ್ಲ.

ಎದೆಗೆ ಅಡ್ಡ ಬರುವ ತಳಪಟ್ಟಿಗೂ ಪರಿಹಾರ ಇದೆ. ಅದನ್ನು ಕತ್ತರಿಸುವ ಮೊದಲು ಅದರ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಹೊಸ ನೆಲದ ಬೀಮುಗಳಲ್ಲಿ ಒಂದೊಂದು ಪ್ರತಿ ಕೈಂಚಿಯ ಕೆಳಗೆ ಸರಿಯಾಗಿ ಬರುವಂತೆ ಇಟ್ಟು, ಎರಡು ಬದಿಯ ಉಕ್ಕಿನ ಕಂಬಗಳಿಗೆ ಬಿಗಿದು, ಆ ಕಂಬಗಳ ತಲೆಯನ್ನು ಇಳಿಜಾರಿನ ದಪ್ಪ ತೋಳುಗಳಿಗೆ ಜೋಡಿಸಿದರೆ ಕೈಂಚಿಯ ಜಾಗದಲ್ಲಿ ಗಟ್ಟಿ ಚೌಕಟ್ಟು ನಿಲ್ಲುತ್ತದೆ. ಅದರ ಮೂಲೆಗಳು ಅಲುಗಾಡದಂತೆ ಬಿಗಿಯಾಗಿರಬೇಕು. ಸೂರಿನ ಭಾರ ಜಾಕುಗಳ ಮೇಲೆ ನಿಂತು, ಹೊಸ ಚೌಕಟ್ಟು ಪೂರ್ತಿ ಬಿಗಿಯಾದ ಮೇಲೆ, ಒಂದೊಂದೇ ಕೈಂಚಿಯಂತೆ ಹಳೆಯ ಪಟ್ಟಿ ತೆಗೆಯಬೇಕು. ಎಲ್ಲವನ್ನೂ ಒಮ್ಮೆಲೇ ಬಿಚ್ಚುವ ಅವಸರ ಮಾಡಬಾರದು.

ಇಂಥ ಸಂಕಟ ನಮ್ಮ ಸೀಮೆಯದು ಮಾತ್ರವಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಮನೆಗಳಿಗೂ ಬರ, ಇಟ್ಟಿಗೆ ಇಡುವ ಕೈಗಳಿಗೂ ಬರ. ಆಗ ಅಲ್ಲಿಯ ಉಕ್ಕು ಉದ್ಯಮಿಗಳ ಒಕ್ಕೂಟಕ್ಕಾಗಿ ವಾಸ್ತುಶಿಲ್ಪಿ ಫ್ರೆಡರಿಕ್ ಗಿಬರ್ಡ್ ಉಕ್ಕಿನ ಚೌಕಟ್ಟಿನ ಮನೆಯೊಂದನ್ನು ರೂಪಿಸಿದರು. ಲಂಡನ್ ಬಳಿಯ ನಾರ್ಥೋಲ್ಟ್‌ನಲ್ಲಿ 1944ರಲ್ಲಿ ಮಾದರಿ ಮನೆಗಳು ಎದ್ದವು. ಮುಂದಿನ ಕೆಲವೇ ವರ್ಷಗಳಲ್ಲಿ 36 ಸಾವಿರಕ್ಕೂ ಹೆಚ್ಚು ಕಟ್ಟಿದರು. ಅವುಗಳ ಸೂರೂ ಉಕ್ಕಿನ ಟ್ರಸ್ಸಿನದೇ. ಇವತ್ತು ಆ ಮನೆಗಳಲ್ಲಿರುವವರು ಸೂರಿನಡಿ ಒಂದು ಕೋಣೆ ಬೇಕೆಂದಾಗ ಎದುರಾಗುವುದು ಇದೇ ಓರೆಪಟ್ಟಿಗಳ ಅಡ್ಡಿ. ಹೊಸ ಬೀಮು ಮೊದಲು, ಹಳೆಯ ಪಟ್ಟಿ ತೆಗೆಯುವುದು ಆಮೇಲೆ ಎಂಬ ಕ್ರಮ ಅಲ್ಲಿಗೂ ಅನ್ವಯ. ಬ್ರಿಟನ್ನಿನಲ್ಲಿ ಲೆಕ್ಕದ ಕಾಗದವಿಲ್ಲದೆ ಇಂಥ ಕೆಲಸಕ್ಕೆ ಕೈ ಹಾಕುವಂತಿಲ್ಲ ಎಂಬುದೇ ದೊಡ್ಡ ವ್ಯತ್ಯಾಸ.

ನಮ್ಮಲ್ಲೂ ನಿಯಮ ಇಲ್ಲದೆ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ 2.75 ಮೀಟರ್ ಇರಬೇಕು. ಇಳಿಜಾರು ಸೂರಾದರೆ ಸರಾಸರಿ ಅಷ್ಟಾಗಬೇಕು, ಸೂರಿನ ಅಂಚಿನಲ್ಲೂ 2.4 ಮೀಟರ್ ಬಿಡಬೇಕು. ಈ ಅಳತೆ ಹಿಡಿದರೆ ನಮ್ಮ ಭಾಗದ ಬಹಳಷ್ಟು ಸೂರುಗಳ ಅಡಿಯಲ್ಲಿ ಸಾಮಾನಿನ ಅಟ್ಟ ಆಗಬಹುದೇ ಹೊರತು ಮಲಗುವ ಖೋಲಿ ಆಗದು. ಇದನ್ನು ಮೊದಲೇ ಒಪ್ಪಿಕೊಂಡರೆ ಹಣವೂ ಉಳಿಯುತ್ತದೆ. ಪಂಚಾಯಿತಿಯ ಅಥವಾ ನಗರಸಭೆಯ ಅನುಮತಿಯನ್ನೂ ಕೆಲಸಕ್ಕೆ ಮೊದಲೇ ಕೇಳಬೇಕು.

ಮೆಟ್ಟಿಲನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಎಂಟಡಿ ಎತ್ತರ ಹತ್ತಲು 19 ಸೆಂಟಿಮೀಟರಿನ ಹದಿಮೂರು ಏರು, ಪ್ರತಿ ಮೆಟ್ಟಿಲು 25 ಸೆಂಟಿಮೀಟರ್ ಅಗಲ ಎಂದರೆ ಕೆಳಗೆ ಮೂರು ಮೀಟರಿಗೂ ಹೆಚ್ಚು ಉದ್ದದ ಜಾಗ ಹೋಗುತ್ತದೆ. ಪಡಸಾಲೆಯ ಅರ್ಧವೇ ಹೋಯಿತಲ್ಲ ಎಂದು ಗೋಡೆಗೆ ಕಬ್ಬಿಣದ ಏಣಿ ಒರಗಿಸುವವರೇ ಹೆಚ್ಚು. ಮೊಣಕಾಲು ನೋಯುವ ಅಜ್ಜಿ, ಮಗು ಎತ್ತಿಕೊಂಡ ತಾಯಿ, ನಡುರಾತ್ರಿ ಕರೆಂಟಿಲ್ಲದ ಹೊತ್ತಿನಲ್ಲಿ ಆ ಏಣಿ ಹತ್ತಲಾರರು.

ಇನ್ನು ಸೆಕೆಯ ಮಾತು. ಹಂಚಿನ ಸಂದಿಗಳಲ್ಲಿ ಗಾಳಿ ಆಡುತ್ತದೆ, ಆದ್ದರಿಂದ ಹಂಚಿನ ಅಟ್ಟ ಏಪ್ರಿಲ್ಲಿನಲ್ಲೂ ಸಹಿಸುವಂತೆ ಇರುತ್ತದೆ. ಪತ್ರಾಸು ಹಾಗಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ಕೆಳಗೆ ಎರಡಡಿ ಅಂತರದಲ್ಲಿ ಮಲಗುವುದು ಆಗದ ಮಾತು. ತಗಡಿಗೂ ಒಳಗಿನ ಮುಚ್ಚಿಗೆಗೂ ನಡುವೆ ನಾಲ್ಕಾರು ಇಂಚು ಜಾಗ ಬಿಟ್ಟು, ಕೆಳಗಿನ ಅಂಚಿನಲ್ಲಿ ಗಾಳಿ ಒಳಬಂದು ಮೇಲಿನ ತುದಿಯಲ್ಲಿ ಹೊರಹೋಗುವಂತೆ ಕಿಂಡಿ ಇಡಬೇಕು. ಕೆಳಗೆ ಹೊಳೆಯುವ ಹಾಳೆ ಅಥವಾ ಗ್ಲಾಸ್ ವೂಲ್ ಹಾಕಬಹುದು. ಗಾಳಿಕಿಂಡಿ ಮುಚ್ಚಿ ಥರ್ಮಕೋಲ್ ಮಾತ್ರ ಒತ್ತಿದರೆ ಮಳೆಗಾಲದಲ್ಲಿ ತಗಡಿನ ಒಳಮೈ ಬೆವರಿ, ಹನಿ ಇಳಿದು, ವೆಲ್ಡಿಂಗ್ ಮಾಡಿದ ಸಂದಿಗಳೇ ಮೊದಲು ತುಕ್ಕು ಹಿಡಿಯುತ್ತವೆ. ಒಳಗೆ ಮುಚ್ಚಿಬಿಟ್ಟ ತುಕ್ಕು ಯಾರ ಕಣ್ಣಿಗೂ ಬೀಳದು. ಮುಚ್ಚುವ ಮೊದಲು ತಂತಿಬ್ರಶ್ಶಿನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದು, ಪ್ರತಿ ಕೂಡುಜಾಗಕ್ಕೆ ಕೈ ಹೋಗುವಷ್ಟು ಒಂದು ಮುಚ್ಚಳ ಬಿಡುವುದು ಜಾಣತನ.

ಹಳೆಯ ಶೆಡ್ಡುಗಳ ಮೇಲೆ ಸಿಮೆಂಟ್ ಪತ್ರಾಸು ಇದ್ದರೆ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಕೊರೆದಾಗ, ಗರಗಸ ಹಾಕಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ದಶಕಗಳ ನಂತರವೂ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅಟ್ಟಕ್ಕೆ ಕಿಟಕಿ ಬೇಕೆಂದು ಅಂಥ ಹಾಳೆಯನ್ನು ಮನೆಯೊಳಗೇ ನಿಂತು ಕೊಯ್ಯುವುದು ಮಾಡಲೇಬಾರದ ಕೆಲಸ. ಇಡೀ ಹಾಳೆಯನ್ನು ಮುರಿಯದೆ ಬಿಚ್ಚಿ ಇಳಿಸಿ ಬೇರೆ ತಗಡು ಹಾಕುವುದೇ ಸರಿ.

ಗಾಳಿಯ ಒಂದು ಗುಣವನ್ನು ಮನೆ ಕಟ್ಟುವವರು ಮರೆಯುತ್ತಾರೆ. ಹಗುರ ತಗಡಿನ ಸೂರನ್ನು ಬಿರುಗಾಳಿ ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು. ಆಗ ಕೈಂಚಿಯೊಳಗಿನ ಕೆಲಸಗಳು ತಿರುಗುಮುರುಗಾಗುತ್ತವೆ. ಎಳೆತದಲ್ಲಿದ್ದ ತಳಪಟ್ಟಿ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗಲು ನೋಡುತ್ತದೆ. ಒಂದು ಕೈಂಚಿಯಿಂದ ಇನ್ನೊಂದಕ್ಕೆ ಹಾಯುವ ಉದ್ದನೆಯ ಪಟ್ಟಿಗಳು ಅದನ್ನು ಹಿಡಿದಿಡಲೆಂದೇ ಇರುತ್ತವೆ. ಅಟ್ಟ ಮಾಡುವಾಗ “ಇವು ಸುಮ್ನ ಅದಾವ” ಎಂದು ಮೊದಲು ಬಿಚ್ಚುವುದೂ ಅವನ್ನೇ. ಗೋಡೆಯ ತ್ರಿಕೋನದ ಮೂತಿಯಲ್ಲಿ ಹೊಸ ಕಿಟಕಿ ತೆರೆದರೆ ಗಾಳಿ ಒಳನುಗ್ಗಿ ಕೆಳಗಿನಿಂದಲೂ ತಗಡನ್ನು ಎತ್ತುತ್ತದೆ. ಕಿಟಕಿಯ ಜೊತೆಗೆ ತಗಡು ಹಿಡಿಯುವ ಕೊಕ್ಕೆ ಬೋಲ್ಟುಗಳನ್ನೂ ಹೊಸದಾಗಿ ಬಿಗಿಯಬೇಕು.

ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಶೆಡ್ಡಿನ ಒಂದು ಮೂಲೆಯಲ್ಲಿ ಪೋಟಮಾಳಾ, ಅಂದರೆ ನಡು ಅಟ್ಟ, ಕಟ್ಟಿ ನೂಲಿನ ದಾಸ್ತಾನು ಇಡುವುದು, ಕೆಲಸಗಾರರು ಮಲಗುವುದು ಕಾಣಸಿಗುತ್ತದೆ. ಲಾಳಿಯ ಮಗ್ಗ ನಿಲ್ಲದೆ ಅದುರುತ್ತದೆ. ಅದುರುವಿಕೆಗೆ ನಟ್ಟುಗಳು ಸಡಿಲವಾಗುತ್ತವೆ. ಅರಳೆಯ ನುಣ್ಣನೆಯ ಧೂಳು ಪಟ್ಟಿಗಳ ಮೇಲೆ, ವೈರುಗಳ ಮೇಲೆ ಕೂರುತ್ತದೆ. ಒಂದು ಕಿಡಿ ಸಾಕು. ಉಕ್ಕು ತಾನಾಗಿ ಉರಿಯುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರದು. ಸುಮಾರು 550 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಉಕ್ಕಿನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಕಟ್ಟಡದ ಬೆಂಕಿ ಆ ಬಿಸಿಯನ್ನು ಬೇಗನೆ ದಾಟುತ್ತದೆ. ಆಂಗಲ್ಲಿನಂಥ ತೆಳು ಪಟ್ಟಿಗಳು ದಪ್ಪ ಬೀಮಿಗಿಂತ ಬೇಗ ಕಾಯುತ್ತವೆ.

ಸೂರಿಗೆ ಬೆಂಕಿ ಬಿದ್ದರೆ ಎಷ್ಟು ಬೇಗ ಎಲ್ಲ ಮುಗಿಯುತ್ತದೆ ಎಂಬುದನ್ನು ಕೊಲ್ಹಾಪುರ 2024ರ ಆಗಸ್ಟ್ 8ರ ರಾತ್ರಿ ಕಂಡಿತು. ಶಾಹೂ ಮಹಾರಾಜರ ಕಾಲದಲ್ಲಿ ಪ್ಯಾಲೇಸ್ ಥಿಯೇಟರ್ ಎಂದು ಕಟ್ಟಿಸಿದ ಕೇಶವರಾವ್ ಭೋಸಲೆ ನಾಟ್ಯಗೃಹಕ್ಕೆ ಬೆಂಕಿ ಹತ್ತಿ ಮೇಲ್ಛಾವಣಿ ಕುಸಿಯಿತು. ಮರುದಿನವೇ ಕೇಶವರಾವ್ ಅವರ ಜನ್ಮದಿನ. ಅವರ ಲಲಿತಕಲಾದರ್ಶ ನಾಟಕ ಮಂಡಳಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಗಡಿಯ ಎರಡೂ ಕಡೆಯ ರಂಗಪ್ರಿಯರಿಗೆ ಅದು ಸಂಕಟದ ರಾತ್ರಿ.

ಮಲಗುವ ಅಟ್ಟಕ್ಕೆ ಹೊರಹೋಗುವ ದಾರಿ ಎರಡು ಇರಲೇಬೇಕು ಎಂಬ ಮಾತಿಗೆ ಬೆಂಕಿ ಒಂದು ಕಾರಣ. ಕೋವಾಡದಂಥ ಊರಿಗೆ ಅದಕ್ಕಿಂತ ದೊಡ್ಡ ಕಾರಣ ನೀರು. ಕೊಲ್ಹಾಪುರದ ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರಲ್ಲಿ ಅದು 55 ಅಡಿ ದಾಟಿತು, ಎರಡೇ ವರ್ಷಕ್ಕೆ ಮತ್ತೆ ಅಷ್ಟೇ ಏರಿತು. ನೆರೆ ಇಷ್ಟು ಏರುವ ಸೀಮೆಯಲ್ಲಿ ಅಟ್ಟ ಕೇವಲ ಸಾಮಾನಿನ ಜಾಗವಲ್ಲ, ಜನ ಹತ್ತಿ ಕೂರುವ ಜಾಗ. ಆದರೆ ನೀರು ಅಟ್ಟಕ್ಕೂ ಬಂದರೆ? ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1965ರ ಬೆಟ್ಸಿ ಚಂಡಮಾರುತದಲ್ಲಿ ಅಟ್ಟ ಹತ್ತಿದವರು ಮೇಲೆ ದಾರಿ ಇಲ್ಲದೆ ಅಲ್ಲೇ ಸಿಕ್ಕಿಬಿದ್ದರು. ಅದರ ನಂತರ ಅಲ್ಲಿಯ ಅನೇಕ ಮನೆಗಳವರು ಸೂರು ಒಡೆಯಲೆಂದು ಅಟ್ಟದಲ್ಲಿ ಕೊಡಲಿ ಇಡತೊಡಗಿದರು. 2005ರಲ್ಲಿ ಕತ್ರಿನಾ ಬಂದಾಗಲೂ ಅಟ್ಟಗಳಲ್ಲಿ ಜನ ಸತ್ತರು.

ಹಂಚಿನ ಮನೆಯಲ್ಲಿ ನಾಲ್ಕು ಹಂಚು ಸರಿಸಿದರೆ ತಲೆ ಹೊರಹಾಕಬಹುದು, ರೀಪು ಮುರಿದರೆ ಮೈಯೂ ಹೊರಬರುತ್ತದೆ. ಬೋಲ್ಟು ಬಿಗಿದ ತಗಡಿನ ಕೆಳಗೆ, ಅದರ ಅಡಿಗೆ ಮುಚ್ಚಿಗೆಯನ್ನೂ ಹಾಕಿಕೊಂಡ ಖೋಲಿಯಲ್ಲಿ ಆ ಅನುಕೂಲ ಇಲ್ಲ. ನದಿಯಂಚಿನ ಊರಿನಲ್ಲಿ ಪತ್ರಾಸಿನ ಅಟ್ಟ ಮಾಡಿಸುವವರು ಎರಡಡಿ ಚೌಕದ ಒಂದು ಬಾಗಿಲನ್ನು ಸೂರಿನಲ್ಲೇ ಇಡಿಸಬೇಕು. ಒಳಗಿನಿಂದ ಉಪಕರಣವಿಲ್ಲದೆ ತೆರೆಯುವಂತೆ, ಎರಡು ಕೈಂಚಿಗಳ ನಡುವೆ, ಪರ್ಲಿನ್ ಕತ್ತರಿಸದೆ ಅದು ಬರಬೇಕು. ದೋಣಿಯವರಿಗೆ ಕಾಣುವಂತೆ ಬೀದಿಯ ಕಡೆಗೆ ಇದ್ದರೆ ಇನ್ನೂ ಒಳ್ಳೆಯದು.

ಅಟ್ಟಕ್ಕೆ ಅತಿ ಹೆಚ್ಚು ಭಾರ ಬೀಳುವುದು ಯಾವಾಗ ಎಂಬುದನ್ನೂ ಈ ಊರುಗಳ ಲೆಕ್ಕದಲ್ಲಿ ಹಿಡಿಯಬೇಕು. ನೆರೆಯ ದಿನವೇ ಅದು. ವರ್ಷವಿಡೀ ಒಂದು ಮಂಚ, ಒಂದು ಕಪಾಟು ಇದ್ದ ಖೋಲಿಗೆ ಎರಡು ತಾಸಿನಲ್ಲಿ ಮನೆಯ ದವಸವೆಲ್ಲ ಏರುತ್ತದೆ, ಹಿಂದೆಯೇ ಎರಡು ಮನೆಯ ಜನ. ಐವತ್ತು ಕೆಜಿಯ ನಾಲ್ಕು ಅಕ್ಕಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಆ ಜಾಗದಲ್ಲಿ ಚದರ ಮೀಟರಿಗೆ 500 ಕೆಜಿಯಷ್ಟು ಒತ್ತಡ ಬೀಳುತ್ತದೆ. ವಾಸದ ಖೋಲಿಗೆಂದು ಹಿಡಿದ 200 ಕೆಜಿ ಆಗ ಸಾಲದು. ಆದ್ದರಿಂದ ಇಂಜಿನಿಯರಿಗೆ “ಮಲಗಾಕ ಒಂದ ಖೋಲಿ” ಎಂದಷ್ಟೇ ಹೇಳದೆ, ನೆರೆ ಬಂದಾಗ ಏನೇನು ಮೇಲೆ ಏರುತ್ತದೆ, ಎಷ್ಟು ಜನ ಹತ್ತುತ್ತಾರೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಮಾನಕದಲ್ಲಿ ಮನೆಯ ಸಾಮಾನುಕೋಣೆಗೆ ಹೇಳುವ ಚದರ ಮೀಟರಿಗೆ 300 ಕೆಜಿಯನ್ನೇ ಹಿಡಿದು ಬೀಮು ಲೆಕ್ಕ ಹಾಕಿಸಿದರೆ ಉಕ್ಕಿನ ಖರ್ಚು ಸ್ವಲ್ಪ ಏರುತ್ತದೆ, ಅಷ್ಟೇ. ಚೀಲಗಳನ್ನು ನಡುವೆ ಪೇರಿಸದೆ ಬೀಮಿನ ತುದಿ ಕೂರುವ ಗೋಡೆಯ ಬದಿಗೆ, ಎರಡಕ್ಕಿಂತ ಹೆಚ್ಚು ಎತ್ತರ ಆಗದಂತೆ ಇಡಬೇಕು. ಗೋಡೌನುಗಳಲ್ಲಿ ಮಾಡುವಂತೆ ಎಷ್ಟು ಚೀಲ, ಎಲ್ಲೆಲ್ಲಿ ಎಂಬುದನ್ನು ಹತ್ತುವ ಮೆಟ್ಟಿಲಿನ ಎದುರಿನ ಬೀಮಿನ ಮೇಲೆ ಬಣ್ಣದಲ್ಲಿ ಬರೆಸಬಹುದು, ಕನ್ನಡದಲ್ಲೂ ಮರಾಠಿಯಲ್ಲೂ. ನೆರೆಯ ರಾತ್ರಿ ಸಾಮಾನು ಹೊತ್ತು ತರುವವರಲ್ಲಿ ನೆರೆಮನೆಯವರೂ ಇರುತ್ತಾರೆ, ಅವರಿಗೆ ಈ ಮನೆಯ ಲೆಕ್ಕ ಗೊತ್ತಿರುವುದಿಲ್ಲ.